ಸಂಬಳ ಮೈಸೂರಿನಿಂದ, ಕಾನೂನು ಸ್ಟುಟ್‌ಗಾರ್ಟ್‌ನದು

2025ರ ಫೆಬ್ರುವರಿ ಮೊದಲ ವಾರದಲ್ಲಿ, ಜರ್ಮನಿಯಲ್ಲಿದ್ದುಕೊಂಡು ನಮ್ಮ ಕಚೇರಿಗೆ ಕೆಲಸ ಮಾಡಿಕೊಡುತ್ತಿದ್ದ ಹಾಸನದ ಕಡೆಯ ವಿದ್ಯಾರ್ಥಿನಿಯೊಬ್ಬಳು ನನಗೆ ಸಂದೇಶ ಕಳುಹಿಸಿದಳು: “ಅಕ್ಕ, ನನ್ನ ವಾಸದ ಪರವಾನಗಿ ನವೀಕರಿಸಬೇಕು. ನಿಮ್ಮಲ್ಲಿ ಕೆಲಸ ಮಾಡ್ತಿದ್ದೀನಿ ಅಂತ ಒಂದು ಪತ್ರ ಬರೆದುಕೊಡ್ತೀರಾ?” ಪತ್ರದಲ್ಲಿ ಪರವಾನಗಿಯ ಸಂಖ್ಯೆ ನಮೂದಿಸಬೇಕಾಗಬಹುದೆಂದುಕೊಂಡು ಅದರ ಪ್ರತಿಯನ್ನು ತರಿಸಿಕೊಂಡೆ. ಕಾರ್ಡಿನ ಜೊತೆಗೆ ಮಡಚಿಟ್ಟು ಸುಕ್ಕಾದ ಒಂದು ಹಸಿರು ಹಾಳೆಯ ಫೋಟೊವನ್ನೂ ಅವಳು ಕಳುಹಿಸಿದ್ದಳು. ಅದರಲ್ಲಿದ್ದ ಜರ್ಮನ್ ಸಾಲುಗಳನ್ನು ಅವಳಿಂದಲೇ ಓದಿಸಿ ಅರ್ಥ ಕೇಳಿದೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ನೌಕರಿ ಮಾಡಬಹುದು ಎಂಬುದು ಮೊದಲನೆಯ ಮಾತು. ಸ್ವಂತ ಉದ್ಯೋಗಕ್ಕೆ ಅನುಮತಿ ಇಲ್ಲ ಎಂಬುದು ಎರಡನೆಯದು. ನಾವಾದರೋ ನಾಲ್ಕು ತಿಂಗಳಿನಿಂದ ಅವಳಿಗೆ ಹಣ ಕೊಟ್ಟಿದ್ದೆಲ್ಲ ‘ಕನ್ಸಲ್ಟೆಂಟ್’ ಎಂಬ ಹೆಸರಿನಲ್ಲಿ, ಅವಳೇ ಬರೆದು ಕಳುಹಿಸುತ್ತಿದ್ದ ಬಿಲ್ಲುಗಳ ಮೇಲೆ. ಎಂದರೆ ಆ ಹಾಳೆ ಯಾವುದನ್ನು ಬೇಡವೆಂದಿತ್ತೋ ಅದನ್ನೇ ನಾವು ಅವಳ ಕೈಯಿಂದ ಮಾಡಿಸಿದ್ದೆವು. ಆ ದಿನ ಪತ್ರ ಬರೆಯಲು ನನ್ನಿಂದ ಆಗಲಿಲ್ಲ.

ನಮ್ಮದು ಹನ್ನೊಂದು ಜನರ ಸಣ್ಣ ಕಚೇರಿ. ಸಣ್ಣ ಯಂತ್ರಕಾರ್ಖಾನೆಗಳು ತಮ್ಮ ಬಿಡಿಭಾಗಗಳ ದಾಸ್ತಾನು ನೋಡಿಕೊಳ್ಳಲು ಬಳಸುವ ತಂತ್ರಾಂಶವನ್ನು ನನ್ನ ತಮ್ಮ ಮತ್ತು ಅವನ ಸಂಗಡಿಗರು ಬರೆಯುತ್ತಾರೆ. ಸಂಬಳ, ಲೆಕ್ಕಪತ್ರ, ನೇಮಕಾತಿ ನನ್ನ ಪಾಲಿನದು. ದಕ್ಷಿಣ ಜರ್ಮನಿಯಲ್ಲಿ ಕೆಲವು ಗ್ರಾಹಕರು ಸಿಕ್ಕಾಗ, ಅವರ ಹಗಲಿನ ಹೊತ್ತಿನಲ್ಲಿ ಅವರ ಭಾಷೆಯಲ್ಲೇ ಫೋನಿಗೆ ಉತ್ತರ ಕೊಡುವವರು ಬೇಕಾದರು. ಸ್ಟುಟ್‌ಗಾರ್ಟ್‌ನಲ್ಲಿ ಎಂ.ಎಸ್. ಓದುತ್ತಿದ್ದ ಈ ಹುಡುಗಿ ಪರಿಚಯದವರ ಮೂಲಕ ಸಿಕ್ಕಿದಳು. 2024ರ ಅಕ್ಟೋಬರಿನಿಂದ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 30,000 ರೂಪಾಯಿ ಎಂದು ಮಾತಾಯಿತು. ನಮ್ಮಲ್ಲಿ ಹೊಸದಾಗಿ ಸೇರಿ ದಿನವಿಡೀ ದುಡಿಯುವವರ ಸಂಬಳ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ನಾವು ಉದಾರವಾಗಿಯೇ ನಡೆದುಕೊಂಡೆವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಸಲಹೆ ಕೇಳಿದವರೊಬ್ಬರು, “ಅರೆಕಾಲಿಕ ತಾನೆ, ಕನ್ಸಲ್ಟೆಂಟ್ ಅಂತ ತೋರಿಸಿ, ಎಲ್ಲರೂ ಹಾಗೇ ಮಾಡ್ತಾರೆ” ಎಂದಿದ್ದರು. ನಾನು ಎರಡನೆಯವರನ್ನು ಕೇಳಲು ಹೋಗಲಿಲ್ಲ.

ಯಾರನ್ನು ನೌಕರರೆನ್ನಬೇಕು, ಯಾರನ್ನು ಸ್ವಂತ ಉದ್ಯೋಗಿ ಎನ್ನಬೇಕು ಎಂಬುದನ್ನು ಜರ್ಮನಿಯಲ್ಲಿ ಒಪ್ಪಂದದ ಶೀರ್ಷಿಕೆಯಿಂದ ತೀರ್ಮಾನಿಸುವುದಿಲ್ಲ, ಕೆಲಸ ನಡೆಯುವ ರೀತಿಯನ್ನು ನೋಡಿ ತೀರ್ಮಾನಿಸುತ್ತಾರೆ. ಅವಳು ಸೋಮವಾರ, ಬುಧವಾರ, ಗುರುವಾರ ನಾವು ಹೇಳಿದ ಹೊತ್ತಿಗೆ ಕೂರುತ್ತಿದ್ದಳು, ನಮ್ಮ ಇಮೇಲ್ ವಿಳಾಸದಿಂದ ನಮ್ಮ ಹೆಸರಿನಲ್ಲೇ ಉತ್ತರಿಸುತ್ತಿದ್ದಳು, ಪರೀಕ್ಷೆ ಬಂದಾಗ ನನ್ನ ತಮ್ಮನಿಂದ ರಜೆ ಕೇಳಿ ಪಡೆಯುತ್ತಿದ್ದಳು, ನಮ್ಮನ್ನು ಬಿಟ್ಟರೆ ಅವಳಿಗೆ ಬೇರೆ ಗ್ರಾಹಕರಿರಲಿಲ್ಲ. ಇಷ್ಟಾದ ಮೇಲೆ ಅವಳನ್ನು ಸ್ವಂತ ಉದ್ಯೋಗಿ ಎನ್ನುವುದು ಸುಳ್ಳು. ಆ ಸುಳ್ಳನ್ನು ಬರೆದ ಕೈ ನನ್ನದು.

ನಮ್ಮ ಕರಾರುಪತ್ರದಲ್ಲಿ ‘ಭಾರತದ ಕಾನೂನು ಅನ್ವಯವಾಗುತ್ತದೆ, ವ್ಯಾಜ್ಯಗಳು ಮೈಸೂರಿನ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿವೆ’ ಎಂಬ ಸಾಲೊಂದಿತ್ತು, ಅದೇ ನಮಗೆ ರಕ್ಷೆ ಎಂದುಕೊಂಡಿದ್ದೆವು. ಐರೋಪ್ಯ ಒಕ್ಕೂಟದಲ್ಲಿ ‘ರೋಮ್ ಒಂದು’ ಎಂದು ಕರೆಯುವ 2008ರ ನಿಯಮಾವಳಿಯ ಎಂಟನೆಯ ವಿಧಿ ಈ ರಕ್ಷೆಯನ್ನು ಬಿಚ್ಚಿಹಾಕುತ್ತದೆ. ಇಬ್ಬರೂ ಸೇರಿ ಯಾವ ದೇಶದ ಕಾನೂನನ್ನು ಬೇಕಾದರೂ ಆರಿಸಿಕೊಳ್ಳಬಹುದಾದರೂ, ನೌಕರರು ರೂಢಿಯಾಗಿ ಯಾವ ದೇಶದಲ್ಲಿ ಕೆಲಸ ಮಾಡುತ್ತಾರೋ ಆ ದೇಶದ ಕಾನೂನು ಕೊಡುವ ಕಡ್ಡಾಯ ರಕ್ಷಣೆಗಳನ್ನು ಆ ಆಯ್ಕೆಯಿಂದ ಕಿತ್ತುಕೊಳ್ಳುವಂತಿಲ್ಲ. ಜರ್ಮನಿಯ ಕನಿಷ್ಠ ವೇತನ ಕಾಯ್ದೆಯಂತೂ ಸುತ್ತುಬಳಸಿಲ್ಲದೆ, ಉದ್ಯೋಗದಾತರ ಕಚೇರಿ ಜರ್ಮನಿಯಲ್ಲಿರಲಿ, ವಿದೇಶದಲ್ಲಿರಲಿ, ಜರ್ಮನಿಯ ನೆಲದಲ್ಲಿ ದುಡಿಯುವವರಿಗೆ ಕನಿಷ್ಠ ವೇತನ ಕೊಡಲೇಬೇಕು ಎಂದು ಹೇಳುತ್ತದೆ. ಹಣ ಎಲ್ಲಿಂದ ಬರುತ್ತದೆ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ, ಕುರ್ಚಿ ಎಲ್ಲಿದೆ ಎಂಬುದೇ ಪ್ರಶ್ನೆ.

ಹಾಗಾದರೆ ನಮ್ಮ ಉದಾರತೆ ಎಷ್ಟಿತ್ತು? ಒಂದು ಸಂಜೆ ಕ್ಯಾಲ್ಕುಲೇಟರ್ ಹಿಡಿದು ಕುಳಿತೆ. ವಾರಕ್ಕೆ 12 ಗಂಟೆಯೆಂದರೆ ತಿಂಗಳಿಗೆ 52 ಗಂಟೆ. 30,000ವನ್ನು 52ರಿಂದ ಭಾಗಿಸಿದರೆ ಗಂಟೆಗೆ 577 ರೂಪಾಯಿ. 2024ರಲ್ಲಿ ಜರ್ಮನಿಯ ಕನಿಷ್ಠ ವೇತನ ಗಂಟೆಗೆ 12.41 ಯೂರೋ, ಒಂದು ಯೂರೋಗೆ 90 ರೂಪಾಯಿಯೆಂದು ಹಿಡಿದರೆ 1,117 ರೂಪಾಯಿ. ನಾವು ಕೊಟ್ಟದ್ದು ಕಾನೂನು ಹೇಳಿದ್ದರ ಸುಮಾರು ಅರ್ಧ. ಅವಳು ಒಪ್ಪಿಕೊಂಡೇ ಸೇರಿದ್ದಳಲ್ಲ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ, ಏಕೆಂದರೆ ಕನಿಷ್ಠ ವೇತನಕ್ಕಿಂತ ಕಡಿಮೆಗೆ ಮಾಡಿಕೊಂಡ ಒಪ್ಪಂದ ಅಷ್ಟರಮಟ್ಟಿಗೆ ಅಸಿಂಧು. ಈ ಕಾಯ್ದೆಯನ್ನು ಮೀರಿದ ಉದ್ಯೋಗದಾತರಿಗೆ 5,00,000 ಯೂರೋವರೆಗೆ ದಂಡ ವಿಧಿಸಲು ಅವಕಾಶವಿದೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ದಂಡದ ಮೊತ್ತವಲ್ಲ. ನಮಗೆ ಆಗಬಹುದಾಗಿದ್ದದ್ದು ಹಣದ ನಷ್ಟ, ಅದನ್ನು ಹೇಗೋ ತುಂಬಿಕೊಳ್ಳಬಹುದಿತ್ತು. ಅವಳ ವಿಷಯ ಹಾಗಲ್ಲ. ವಿದ್ಯಾರ್ಥಿಯ ಪರವಾನಗಿಯ ಷರತ್ತನ್ನು ಮೀರಿದವರಿಗೆ ನವೀಕರಣವೇ ಕಷ್ಟವಾಗಬಹುದು. ಅಲ್ಲಿಗೆ ಓದಲು ಹೋಗುವವರು ವರ್ಷದ ಖರ್ಚಿಗೆಂದು 11,904 ಯೂರೋಗಳನ್ನು ಮುಂಚಿತವಾಗಿ ಬ್ಯಾಂಕಿನಲ್ಲಿ ಕಟ್ಟಿಡಬೇಕು. ಇವಳ ತಂದೆ ಅದಕ್ಕಾಗಿ ಸಾಲ ಮಾಡಿದ್ದರು. ಅಲ್ಲಿ ಕೂತಿರುವವಳು ಅವಳು, ಕಚೇರಿಯ ಕಿಟಕಿಯ ಮುಂದೆ ಕಾಗದ ಹಿಡಿದು ನಿಲ್ಲಬೇಕಾದವಳೂ ಅವಳೇ. ವಿದೇಶದಲ್ಲಿರುವ ನಮ್ಮ ಮಕ್ಕಳಿಗೆ ನಾಲ್ಕು ಕಾಸು ಸಿಗಲಿ ಎಂಬ ಒಳ್ಳೆಯ ಮನಸ್ಸಿನಿಂದ ಹೀಗೆ ಕೆಲಸ ಕೊಡುವ ಅನೇಕರನ್ನು ನಾನು ಬಲ್ಲೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಕರಾರಿಗೆ ಸಹಿ ಹಾಕಿಸುವ ಮೊದಲು ಆ ಹಸಿರು ಹಾಳೆಯನ್ನು ಕೇಳಿ ತರಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಕೆಲಸವನ್ನು ಅಂದೇ ನಿಲ್ಲಿಸಿದೆವು. ಜರ್ಮನಿಯ ಕಾರ್ಮಿಕ ಕಾನೂನು ಬಲ್ಲ ವಕೀಲರೊಬ್ಬರನ್ನು ಹಿಡಿದು, ಹಳೆಯ ನಾಲ್ಕು ತಿಂಗಳನ್ನೂ ನೌಕರಿಯೆಂದೇ ತೋರಿಸಿ ಸರಿಪಡಿಸುವ ದಾರಿ ಹಿಡಿದೆವು. ಅಲ್ಲಿ ನನಗೆ ತಿಳಿದ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಸಣ್ಣ ನೌಕರಿಗಳಿಗಾಗಿ ಜರ್ಮನಿಯಲ್ಲಿ ‘ಮಿನಿಜಾಬ್’ ಎಂಬ ಪ್ರತ್ಯೇಕ ವರ್ಗವಿದೆ, 2024ರಲ್ಲಿ ಅದರ ಮಾಸಿಕ ಮಿತಿ 538 ಯೂರೋ ಇತ್ತು. ನಾವು ಕೊಟ್ಟದ್ದು ಅದಕ್ಕಿಂತ ತೀರ ಕಡಿಮೆಯಾದ್ದರಿಂದ ಆ ವರ್ಗಕ್ಕೆ ಸೇರುತ್ತೇವೆಂದು ನಾನು ತಿಳಿದಿದ್ದೆ. ಆದರೆ ಸಾಮಾಜಿಕ ವಿಮೆಯ ವಂತಿಗೆಯನ್ನು ಲೆಕ್ಕ ಹಾಕುವುದು ಕೊಟ್ಟ ಸಂಬಳದ ಮೇಲಲ್ಲ, ಕೊಡಬೇಕಾಗಿದ್ದ ಸಂಬಳದ ಮೇಲೆ. 52 ಗಂಟೆಗೆ 12.41ರಂತೆ 645 ಯೂರೋ ಆಗುತ್ತದೆ, ಮಿತಿ ದಾಟಿತು. ಅವಳು ವಿದ್ಯಾರ್ಥಿನಿ, ವಾರಕ್ಕೆ 20 ಗಂಟೆಯ ಒಳಗಿನ ಕೆಲಸ ಎಂಬ ಕಾರಣಕ್ಕೆ ಆರೋಗ್ಯ ಮತ್ತು ನಿರುದ್ಯೋಗ ವಿಮೆಯಿಂದ ವಿನಾಯಿತಿ ಸಿಕ್ಕಿತು, ಪಿಂಚಣಿ ವಿಮೆ ಮಾತ್ರ ಉಳಿಯಿತು. ಅದರಲ್ಲಿ ನೌಕರರ ಪಾಲನ್ನು ಉದ್ಯೋಗದಾತರು ಹಿಡಿಯಲು ಮರೆತರೆ ಮುಂದಿನ ಮೂರು ಸಂಬಳಗಳಲ್ಲಿ ಮಾತ್ರ ಹಿಡಿಯಬಹುದು, ಆಮೇಲೆ ಅದು ಉದ್ಯೋಗದಾತರ ತಲೆಗೇ ಬೀಳುತ್ತದೆ. ತಪ್ಪು ನಮ್ಮದಾದ್ದರಿಂದ ಅವಳ ಪಾಲನ್ನೂ ನಾವೇ ಕಟ್ಟಿದೆವು, ಸಂಬಳದ ವ್ಯತ್ಯಾಸವನ್ನು ಒಂದೇ ಕಂತಿನಲ್ಲಿ ಕಳುಹಿಸಿದೆವು. ಅವಳ ಪರವಾನಗಿ ನವೀಕರಣವಾಯಿತು. ಆ ಸುದ್ದಿ ಬಂದ ದಿನ ನಾನು ಚಾಮುಂಡಿ ಬೆಟ್ಟ ಹತ್ತಿ ಬಂದೆ.

ಹೊಸ ನೇಮಕಾತಿ 2025ರ ಏಪ್ರಿಲ್ 1ರಿಂದ ಎಂದು ನಿಶ್ಚಯವಾಯಿತು, ಈ ಸಲ ಮಿನಿಜಾಬ್ ಆಗಿಯೇ. ಆ ವರ್ಷ ಕನಿಷ್ಠ ವೇತನ 12.82 ಯೂರೋಗೂ ಮಿನಿಜಾಬ್ ಮಿತಿ 556 ಯೂರೋಗೂ ಏರಿದ್ದವು. ಈ ಎರಡು ಅಂಕಿಗಳಿಗೆ ನಂಟಿದೆ. 2022ರ ಅಕ್ಟೋಬರಿನಿಂದ ಮಿನಿಜಾಬ್ ಮಿತಿಯನ್ನು, ಕನಿಷ್ಠ ವೇತನದಲ್ಲಿ ವಾರಕ್ಕೆ ಹತ್ತು ಗಂಟೆ ದುಡಿದರೆ ಬರುವ ಮೊತ್ತಕ್ಕೆ ಕಟ್ಟಿಹಾಕಿದ್ದಾರೆ. ಆದ್ದರಿಂದ ವಾರಕ್ಕೆ 10 ಗಂಟೆ, ಸೋಮವಾರ ಮತ್ತು ಬುಧವಾರ ಮೂರು ಮೂರು, ಗುರುವಾರ ನಾಲ್ಕು ಎಂದು ಗೊತ್ತುಮಾಡಿದೆವು. ಇದರ ಮೇಲೆ ಉದ್ಯೋಗದಾತರಾಗಿ ನಾವು ಪಿಂಚಣಿಗೆ ಶೇ 15, ಆರೋಗ್ಯ ವಿಮೆಗೆ ಶೇ 13 ಕಟ್ಟುತ್ತೇವೆ, ಅಪಘಾತ ವಿಮೆ ಬೇರೆ. ಅವಳ ಕಡೆಯಿಂದ ಪಿಂಚಣಿಗೆ ಶೇ 3.6 ಹೋಗುತ್ತದೆ. ಬೇಡವೆಂದು ಬರೆದುಕೊಟ್ಟು ಅದರಿಂದ ಹೊರಗುಳಿಯಬಹುದಿತ್ತು, ಅವಳು ಉಳಿಯಲಿಲ್ಲ. ಇದಕ್ಕೆಲ್ಲ ಮೊದಲು ಅಲ್ಲಿಯ ಉದ್ಯೋಗ ಇಲಾಖೆಯಿಂದ ನಮ್ಮ ಹೆಸರಿಗೆ ಎಂಟು ಅಂಕಿಗಳ ಒಂದು ಸಂಖ್ಯೆ ಪಡೆಯಬೇಕು. ಜರ್ಮನಿಯಲ್ಲಿ ಕಚೇರಿಯಿಲ್ಲದ ಉದ್ಯೋಗದಾತರು ದಾಖಲೆಗಳ ಹೊಣೆ ಹೊರಲು ಅಲ್ಲೇ ನೆಲೆಸಿರುವ ಪ್ರತಿನಿಧಿಯನ್ನೂ ನೇಮಿಸಬೇಕು. ನಾವು ಸಂಬಳದ ಲೆಕ್ಕ ನೋಡುವ ಒಂದು ಸಣ್ಣ ಸಂಸ್ಥೆಗೆ ಆ ಕೆಲಸ ವಹಿಸಿದೆವು, ಅದರ ಶುಲ್ಕವೂ ಲೆಕ್ಕಕ್ಕೆ ಸೇರಿತು.

ಇದೇ ಹೊತ್ತಿನಲ್ಲಿ ಕೆಲವರು, “ಭಾರತಕ್ಕೂ ಜರ್ಮನಿಗೂ ಸಾಮಾಜಿಕ ಭದ್ರತೆಯ ಒಪ್ಪಂದ ಇದೆಯಲ್ಲ, ಇಲ್ಲೇ ಪಿಎಫ್ ಕಟ್ಟಿದರೆ ಸಾಕು” ಎಂದರು. 2017ರ ಮೇ 1ರಿಂದ ಜಾರಿಯಲ್ಲಿರುವ ಆ ಒಪ್ಪಂದದ ವಿನಾಯಿತಿ ಇಲ್ಲಿಯ ನೌಕರರನ್ನು ಸೀಮಿತ ಅವಧಿಗೆ, ಅಂದರೆ 48 ತಿಂಗಳವರೆಗೆ, ಅಲ್ಲಿಗೆ ಕಳುಹಿಸಿದಾಗ ಸಿಗುವಂಥದ್ದು. ಅಲ್ಲೇ ಇರುವವರನ್ನು ಅಲ್ಲೇ ನೇಮಿಸಿಕೊಂಡರೆ ಆ ವಿನಾಯಿತಿ ಸಿಗುವುದಿಲ್ಲ.

ಕರಾರುಪತ್ರದ ಕರಡಿನಲ್ಲಿ ನಾನು ರೂಢಿಯಂತೆ ‘ಕೆಲಸದ ಅವಧಿ ಅಗತ್ಯಕ್ಕೆ ತಕ್ಕಂತೆ’ ಎಂದು ಬರೆದಿದ್ದೆ. ವಕೀಲರು ಆ ನಾಲ್ಕು ಪದಗಳ ಕೆಳಗೆ ಕೆಂಪು ಗೆರೆ ಎಳೆದು ಕಳುಹಿಸಿದರು. ಕರೆದಾಗ ಬರುವ ಕೆಲಸಕ್ಕೆ ವಾರದ ಗಂಟೆಗಳನ್ನು ನಮೂದಿಸದೆ ಬಿಟ್ಟರೆ, ವಾರಕ್ಕೆ 20 ಗಂಟೆಯೆಂದು ಒಪ್ಪಿಕೊಂಡಂತೆ ಕಾನೂನೇ ಭಾವಿಸುತ್ತದೆ. ಆ ಲೆಕ್ಕದಲ್ಲಿ ತಿಂಗಳ ಸಂಬಳ 1,111 ಯೂರೋ ಆಗಿ ಮಿನಿಜಾಬ್ ಎಂಬುದೇ ಮುರಿದುಬೀಳುತ್ತಿತ್ತು. ಅಲ್ಲದೆ ಹಾಗೆ ಕರೆಯುವುದಿದ್ದರೆ ಕನಿಷ್ಠ ನಾಲ್ಕು ದಿನ ಮುಂಚಿತವಾಗಿ ತಿಳಿಸಬೇಕು. ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ‘ನಾಳೆ ಸ್ವಲ್ಪ ಕೂತ್ಕೊಳ್ಳಮ್ಮ’ ಎಂದು ಹಾಕುವ ನಮ್ಮ ಅಭ್ಯಾಸಕ್ಕೆ ಅಲ್ಲಿ ಜಾಗವಿಲ್ಲ.

ಸಹಿಯ ವಿಷಯವೂ ಅಷ್ಟೇ ಕಟ್ಟುನಿಟ್ಟು. ನೌಕರಿಯ ಷರತ್ತುಗಳನ್ನು ಈಗ ಇಮೇಲ್ ಮೂಲಕವೂ ತಿಳಿಸಬಹುದು. ಆದರೆ ಇಂಥ ದಿನಕ್ಕೆ ಮುಗಿಯುತ್ತದೆ ಎಂದು ಅವಧಿ ಗೊತ್ತುಮಾಡುವ ಕರಾರಿಗೆ ಸ್ಕ್ಯಾನ್ ಮಾಡಿ ಕಳುಹಿಸಿದ ಸಹಿ ಸಾಲದು. ಅಂಥ ಕರಾರು ಅವಧಿಯಿಲ್ಲದ ಕಾಯಂ ನೌಕರಿಯಾಗಿಬಿಡುತ್ತದೆ. ಕೆಲಸದಿಂದ ತೆಗೆಯುವ ಪತ್ರವಂತೂ ಶಾಯಿಯ ಸಹಿಯುಳ್ಳ ಕಾಗದವೇ ಆಗಿರಬೇಕು, ಇಮೇಲಿಗಾಗಲಿ ವಾಟ್ಸ್‌ಆ್ಯಪಿಗಾಗಲಿ ಮಾನ್ಯತೆಯಿಲ್ಲ. ಮಾರ್ಚ್ ತಿಂಗಳಲ್ಲಿ ನನ್ನ ತಮ್ಮ ನೀಲಿ ಪೆನ್ನಿನಲ್ಲಿ ಎರಡು ಪ್ರತಿಗಳಿಗೆ ಸಹಿ ಹಾಕಿದ. ನಾನು ಅವನ್ನು ಅಂಚೆ ಕಚೇರಿಗೆ ಒಯ್ದು ಸ್ಪೀಡ್ ಪೋಸ್ಟ್ ಮಾಡಿದೆ. ಅವಳು ಸಹಿ ಹಾಕಿದ ಒಂದು ಪ್ರತಿ ಅಲ್ಲಿಯ ಅಂಚೆಚೀಟಿ ಹೊತ್ತು ಮರಳಿ ಬರುವವರೆಗೆ ಕೆಲಸ ಶುರುಮಾಡಿಸಲಿಲ್ಲ.

ಮೊದಲ ಮೂರು ತಿಂಗಳಲ್ಲೇ ರಜೆಗಳ ಪಾಠವಾಯಿತು. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2025ರ ಏಪ್ರಿಲ್ 21 ಈಸ್ಟರ್ ಸೋಮವಾರ, ಮೇ 1 ಕಾರ್ಮಿಕರ ದಿನ, ಮೇ 29 ಕ್ರಿಸ್ತನ ಸ್ವರ್ಗಾರೋಹಣ, ಜೂನ್ 9 ಪೆಂಟೆಕೋಸ್ಟ್ ಹಬ್ಬದ ಸೋಮವಾರ, ಜೂನ್ 19 ಪರಮಪ್ರಸಾದದ ಹಬ್ಬ. ಐದೂ ರಜೆಗಳು ಅವಳ ಕೆಲಸದ ದಿನಗಳಾದ ಸೋಮವಾರ ಇಲ್ಲವೆ ಗುರುವಾರವೇ ಬಿದ್ದವು. “ಶುಕ್ರವಾರ ಮಾಡಿಸಿದರಾಯಿತಲ್ಲ ಅಕ್ಕ” ಎಂದ ನನ್ನ ತಮ್ಮ, ಕೆಟ್ಟ ಮನಸ್ಸಿನಿಂದಲ್ಲ, ಹತ್ತು ಗಂಟೆಯ ಕೆಲಸದವಳಿಗೆ ಇಷ್ಟು ರಜೆಯೇ ಎಂಬ ಅಚ್ಚರಿಯಿಂದ. ಆದರೆ ಸಾರ್ವಜನಿಕ ರಜೆಯ ಕಾರಣಕ್ಕೆ ತಪ್ಪಿದ ಗಂಟೆಗಳಿಗೆ ಸಂಬಳ ಕೊಡಬೇಕು, ಅವನ್ನು ಇನ್ನೊಂದು ದಿನ ತುಂಬಿಸಿಕೊಳ್ಳುವಂತಿಲ್ಲ. ಒಟ್ಟು 18 ಗಂಟೆ, 230 ಯೂರೋ ಚಿಲ್ಲರೆ. ಮೈಸೂರಿನ ಕಚೇರಿಯಲ್ಲಿ ಕುಳಿತ ನಮ್ಮ ನೌಕರರಿಗೆ ಯುಗಾದಿಗೂ ದಸರೆಗೂ ಸಂಬಳ ಹಿಡಿಯದೆ ರಜೆ ಕೊಡುವಾಗ ನಮಗೆ ಎಂದೂ ಅಚ್ಚರಿಯಾಗಿರಲಿಲ್ಲ. ಅವಳ ರಾಜ್ಯದಲ್ಲಿ ನವೆಂಬರ್ 1 ಸಕಲ ಸಂತರ ದಿನದ ರಜೆ, ನಮಗೆ ಅಂದೇ ರಾಜ್ಯೋತ್ಸವ. ಎರಡೂ ಕ್ಯಾಲೆಂಡರುಗಳನ್ನು ಅಕ್ಕಪಕ್ಕ ಗೋಡೆಗೆ ತೂಗುಹಾಕುವಾಗ ಇದನ್ನು ಕಂಡು ನನಗೆ ಸಂತೋಷವಾಯಿತು.

ವಾರ್ಷಿಕ ರಜೆಯೂ ಹೀಗೆಯೇ. ವಾರಕ್ಕೆ ಆರು ದಿನ ದುಡಿಯುವವರಿಗೆ 24 ದಿನವೆಂದು ಕಾಯ್ದೆ ಹೇಳುವುದರಿಂದ, ಮೂರು ದಿನ ದುಡಿಯುವವಳಿಗೆ 12 ದಿನ. ಎರಡೂ ಲೆಕ್ಕದಲ್ಲಿ ನಾಲ್ಕು ವಾರವೇ. ಸೇರಿ ನಾಲ್ಕು ವಾರ ಕಳೆದ ಮೇಲೆ ಕಾಯಿಲೆ ಬಿದ್ದರೆ ಆರು ವಾರದವರೆಗೆ ಸಂಬಳ ನಿಲ್ಲಿಸುವಂತಿಲ್ಲ. ಮಿನಿಜಾಬ್ ಎಂಬ ಹೆಸರಿನಿಂದ ಇವು ಯಾವುವೂ ಕಿರಿದಾಗುವುದಿಲ್ಲ. ಅರೆಕಾಲಿಕರನ್ನು ಅರೆಕಾಲಿಕರೆಂಬ ಒಂದೇ ಕಾರಣಕ್ಕೆ ಕೀಳಾಗಿ ಕಾಣಬಾರದೆಂಬ ತತ್ತ್ವ 1994ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 175ನೆಯ ಒಡಂಬಡಿಕೆಯಲ್ಲಿದೆ, 1997ರ ಐರೋಪ್ಯ ನಿರ್ದೇಶನದಲ್ಲಿದೆ, 2001ರ ಜನವರಿಯಿಂದ ಜರ್ಮನಿಯ ಅರೆಕಾಲಿಕ ಉದ್ಯೋಗ ಕಾಯ್ದೆಯಲ್ಲಿದೆ. ನನ್ನ ಮನಸ್ಸಿನಲ್ಲಿ ನಿಂತದ್ದು ಎರ್ಫರ್ಟ್‌ನಲ್ಲಿರುವ ಅಲ್ಲಿಯ ಸರ್ವೋಚ್ಚ ಕಾರ್ಮಿಕ ನ್ಯಾಯಾಲಯ 2023ರ ಜನವರಿಯಲ್ಲಿ ಕೊಟ್ಟ ಒಂದು ತೀರ್ಪು. ಆಂಬುಲೆನ್ಸ್ ಸೇವೆಯಲ್ಲಿ ಮಿನಿಜಾಬ್ ಮಾಡುತ್ತಿದ್ದ ಸಹಾಯಕರೊಬ್ಬರಿಗೆ ಗಂಟೆಗೆ 12 ಯೂರೋ, ಅದೇ ಅರ್ಹತೆಯಿಂದ ಅದೇ ಕೆಲಸ ಮಾಡುವ ಕಾಯಂ ನೌಕರರಿಗೆ 17 ಯೂರೋ ಕೊಡುತ್ತಿದ್ದರು. ಅರೆಕಾಲಿಕರು ತಮಗೆ ಬೇಕಾದ ಪಾಳಿಯನ್ನು ತಾವೇ ಆರಿಸಿಕೊಳ್ಳಬಹುದು, ಕಾಯಂ ನೌಕರರನ್ನು ಪಾಳಿಪಟ್ಟಿಯಲ್ಲಿ ಹಾಕಿದಂತೆ ನಡೆಸಬಹುದು ಎಂಬ ಉದ್ಯೋಗದಾತರ ಸಮರ್ಥನೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಕಡಿಮೆ ಗಂಟೆ ದುಡಿಯುವವರಿಗೆ ಸಂಬಳದ ಮೊತ್ತ ಕಡಿಮೆಯಾಗಬಹುದು, ಅವರ ಒಂದು ಗಂಟೆಯ ಬೆಲೆ ಕಡಿಮೆಯಾಗಬಾರದು. ನಮ್ಮೂರಿನಲ್ಲಿ ‘ಪಾರ್ಟ್ ಟೈಮ್’ ಎಂದೊಡನೆ ಹಕ್ಕಿಲ್ಲದ ಕೆಲಸವೆಂದು ನಾವು ಕೇಳದೆಯೇ ಒಪ್ಪಿಕೊಂಡುಬಿಟ್ಟಿದ್ದೇವೆ. ಅದೇ ಒಪ್ಪಿಗೆಯನ್ನು ನಾನು ಗಡಿಯಾಚೆಗೂ ಕೊಂಡೊಯ್ದಿದ್ದೆ.

ಗಡಿಯಾರದ ತೊಡಕೊಂದು ಉಳಿದಿತ್ತು. ನಮಗೂ ಅಲ್ಲಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ನಮ್ಮ ಸೋಮವಾರದ ಬೆಳಗಿನ ಒಂಬತ್ತೂವರೆಯ ಸಭೆಗೆ ಅವಳು ಡಿಸೆಂಬರಿನ ಚಳಿಯಲ್ಲಿ ಐದು ಗಂಟೆಗೆ ಎದ್ದು ಕೂರುತ್ತಿದ್ದಳೆಂಬುದು ನನಗೆ ಹೊಳೆದೇ ಇರಲಿಲ್ಲ, ಅವಳಾಗಿ ಹೇಳಿಯೂ ಇರಲಿಲ್ಲ. ಅಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ರಾತ್ರಿಪಾಳಿಯ ಹೊತ್ತು. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವಿರಬೇಕು, ಭಾನುವಾರ ಸಾಮಾನ್ಯವಾಗಿ ಕೆಲಸ ಮಾಡಿಸುವಂತಿಲ್ಲ. ಸಭೆಯನ್ನು ಮಧ್ಯಾಹ್ನ ಒಂದೂವರೆಗೆ ಬದಲಾಯಿಸಿದೆವು. ಮಿನಿಜಾಬಿನವರ ಕೆಲಸದ ಆರಂಭ, ಮುಕ್ತಾಯ, ಒಟ್ಟು ಗಂಟೆಗಳನ್ನು ಏಳು ದಿನಗಳೊಳಗೆ ಬರೆದಿಟ್ಟು ಎರಡು ವರ್ಷ ಕಾಪಾಡಬೇಕೆಂಬ ನಿಯಮವಿರುವುದರಿಂದ ಸಭೆಯ ಹೊತ್ತೂ ಈಗ ಆ ಹಾಳೆಯಲ್ಲಿ ಸೇರುತ್ತದೆ. ಮುಂಚೆ ಅದು ಲೆಕ್ಕಕ್ಕೇ ಇರಲಿಲ್ಲ.

ನಮ್ಮ ಕಡೆಯ ಬ್ಯಾಂಕಿನ ಕೆಲಸ ಹೋಲಿಕೆಯಲ್ಲಿ ಸುಲಭ. ಹಣ ಯಾವ ಉದ್ದೇಶಕ್ಕೆಂದು ತಿಳಿಸುವ ಸಂಕೇತ ಸಂಖ್ಯೆ, ವಿದೇಶಕ್ಕೆ ಹಣ ಕಳುಹಿಸುವಾಗ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ ನಮೂನೆ, ಕರಾರಿನ ಪ್ರತಿ ಇವಿಷ್ಟನ್ನು ಮೊದಲೇ ಸಿದ್ಧಮಾಡಿಕೊಂಡರೆ ಆಯಿತು. ಒಂದು ಎಚ್ಚರಿಕೆ ಮಾತ್ರ ಬೇಕು. ಅವಳು ನಮ್ಮ ಪರವಾಗಿ ಗ್ರಾಹಕರೊಡನೆ ದರ ಕುದುರಿಸಿ ಕರಾರು ಮಾಡುವಂತಾದರೆ, ನಮಗೆ ಅಲ್ಲೊಂದು ಕಾಯಂ ವ್ಯವಹಾರ ನೆಲೆಯಿದೆಯೆಂದು ತೆರಿಗೆಯ ಪ್ರಶ್ನೆ ಏಳಬಹುದು. ಆದ್ದರಿಂದ ಅವಳ ಕೆಲಸ ಫೋನಿಗೆ ಉತ್ತರಿಸುವಷ್ಟಕ್ಕೇ ಸೀಮಿತವೆಂದು ಬರೆದಿದ್ದೇವೆ.

ಬೇರೆ ದೇಶಗಳ ಬಗ್ಗೆ ಕೇಳುವವರಿಗೆ ನಾನು ಮೊದಲು ಹೇಳುವುದು ವಿದ್ಯಾರ್ಥಿ ವೀಸಾದ ಷರತ್ತನ್ನೇ. ಬ್ರಿಟನ್ನಿನಲ್ಲಿ ಪದವಿ ಓದುವವರು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ಸ್ವಂತ ಉದ್ಯೋಗ ಅಲ್ಲೂ ನಿಷಿದ್ಧ. ಆಸ್ಟ್ರೇಲಿಯದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆಯ ಮಿತಿಯಿದೆ. ಬ್ರಿಟನ್ನಿನಲ್ಲಿ ಸಂಬಳಸಹಿತ ರಜೆ ವರ್ಷಕ್ಕೆ 5.6 ವಾರ, ನೆದರ್ಲೆಂಡ್ಸ್‌ನಲ್ಲಿ ಸಂಬಳದ ಮೇಲೆ ಶೇ 8 ರಜಾ ಭತ್ಯೆ, ಎರಡೂ ಅರೆಕಾಲಿಕರಿಗೂ ಸಲ್ಲುತ್ತವೆ. ಒಂದು ದೇಶದ ಕರಾರನ್ನು ಹೆಸರು ಬದಲಾಯಿಸಿ ಇನ್ನೊಂದು ದೇಶಕ್ಕೆ ಕಳುಹಿಸಬೇಡಿ. ವಕೀಲರ ಒಂದು ಗಂಟೆಯ ಶುಲ್ಕ ನಮಗೆ ದುಬಾರಿಯೆನಿಸಿತ್ತು, ಆದರೆ ಆಮೇಲೆ ನಾವು ತುಂಬಿದ ವ್ಯತ್ಯಾಸದ ಮುಂದೆ ಅದು ಏನೂ ಅಲ್ಲ.

2026ರ ಜನವರಿಯಿಂದ ಕನಿಷ್ಠ ವೇತನ 13.90 ಯೂರೋ, ಮಿನಿಜಾಬ್ ಮಿತಿ 603 ಯೂರೋ ಆಗಿದೆ. ಅವಳು ಕೇಳುವ ಮೊದಲೇ ಡಿಸೆಂಬರಿನಲ್ಲಿ ಬದಲಾವಣೆಯ ಪತ್ರ ಕಳುಹಿಸಿದೆ. ಹೊಸ ವರ್ಷದ ಮೊದಲ ದಿನ ಗುರುವಾರ ಬಂದಿತ್ತು. ಗಂಟೆಗಳ ಹಾಳೆಯನ್ನು ನಾನು ತೆರೆಯುವಷ್ಟರಲ್ಲಿ ನನ್ನ ತಮ್ಮ ಅದರ ಮೊದಲ ಸಾಲನ್ನು ತುಂಬಿಟ್ಟಿದ್ದ: ಜನವರಿ 1, ಸಾರ್ವಜನಿಕ ರಜೆ, 4 ಗಂಟೆ, ಸಂಬಳಸಹಿತ.